ಮಾರಕ ಬಲಪ್ರಯೋಗ: ಗುಂಡು ಹಾರುವ ಮುಂಚೆ, ಹಾರಿದ ಮೇಲೆ

ಜೀವ ಹೋಗಬಹುದು ಎಂದು ಗೊತ್ತಿದ್ದೇ ಬಲ ಬಳಸಿದರೆ ಅದು ಮಾರಕ ಬಲಪ್ರಯೋಗ. ಸಾಮಾನ್ಯವಾಗಿ ಗುಂಡು ಹಾರಿಸುವುದು ಅಂತಲೇ ಇಟ್ಟುಕೊಳ್ಳಿ. ಯುದ್ಧಕ್ಕೆ ಬೇರೆ ಕಾನೂನಿದೆ, ಅದು ಇಲ್ಲಿ ಬೇಡ. ಸರ್ಕಾರ ತನ್ನದೇ ಜನರ ಮೇಲೆ ಬಂದೂಕು ಎತ್ತಿದಾಗ ಅದನ್ನು ತಡೆಯುವ ಗೆರೆ ಎಲ್ಲಿದೆ ಎನ್ನುವುದಷ್ಟೇ ಪ್ರಶ್ನೆ.

ಯಾರ ಜೀವವನ್ನೂ ಮನಬಂದಂತೆ ಕಸಿಯುವಂತಿಲ್ಲ ಎನ್ನುತ್ತದೆ 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದದ 6ನೇ ವಿಧಿ. 'ಮನಬಂದಂತೆ' ಅಂದರೆ ಏನು? ಜಗಳವೆಲ್ಲ ಆ ಒಂದು ಪದದ ಮೇಲೇ. 1990ರಲ್ಲಿ ಹವಾನಾದಲ್ಲಿ ನಡೆದ ವಿಶ್ವಸಂಸ್ಥೆಯ ಸಮಾವೇಶ ಅದನ್ನು ಸ್ವಲ್ಪ ಬಿಡಿಸಿ ಹೇಳಿತು. ಬೇಕೆಂದೇ ಪ್ರಾಣ ತೆಗೆಯುವುದು ಇನ್ನೊಂದು ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಪೊಲೀಸರು ತಾವು ಯಾರೆಂದು ಹೇಳಬೇಕು, ಎಚ್ಚರಿಸಬೇಕು, ಆ ಎಚ್ಚರಿಕೆ ಕೇಳಿಸಿಕೊಳ್ಳಲು ಸಮಯ ಬಿಡಬೇಕು. ಹಾಗೆ ಕಾದರೆ ಯಾರದ್ದಾದರೂ ಜೀವಕ್ಕೇ ಕುತ್ತು ಬರುವಂತಿದ್ದರೆ ಮಾತು ಬೇರೆ. ತುರ್ತು ಪರಿಸ್ಥಿತಿ, ರಾಜಕೀಯ ಗಲಭೆ ಎಂಬ ನೆಪವೂ ನಡೆಯದು. ಇವು ಒಪ್ಪಂದವಲ್ಲ, ಬರೀ ತತ್ವಗಳು. ಆದರೂ ಕೋರ್ಟುಗಳು ಇವನ್ನು ಸುಮ್ನೆ ಪಕ್ಕಕ್ಕಿಡುವುದಿಲ್ಲ.

ಓಡಿಹೋಗುವವನ ಕಥೆ ಏನು? 1974ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕಳ್ಳತನದ ದೂರು ಕೇಳಿ ಬಂದ ಪೊಲೀಸನೊಬ್ಬ ಟಾರ್ಚ್ ಬಿಟ್ಟು ನೋಡಿದ. ಬೇಲಿಯ ಹತ್ತಿರ ಒಬ್ಬ ಹುಡುಗ, ವಯಸ್ಸು 15. ಕೈಯಲ್ಲಿ ಆಯುಧ ಇದ್ದಂತಿರಲಿಲ್ಲ. ಹುಡುಗ ಬೇಲಿ ಹತ್ತಿದ, ಪೊಲೀಸ್ ಗುಂಡು ಹಾರಿಸಿದ. ಹುಡುಗ ಕದ್ದಿದ್ದು ಒಂದು ಪರ್ಸ್ ಮತ್ತು 10 ಡಾಲರ್. ತಪ್ಪಿಸಿಕೊಳ್ಳುತ್ತಾನೆ ಎಂಬ ಒಂದೇ ಕಾರಣಕ್ಕೆ, ಅಪಾಯವಿಲ್ಲದ ಮನುಷ್ಯನನ್ನು ಕೊಲ್ಲುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿತು.

ನನಗೆ ಇದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು, ಸ್ಪೇನ್ ಗಡಿಗೆ ಅಂಟಿಕೊಂಡಿರುವ ಬ್ರಿಟಿಷ್ ಪ್ರದೇಶ ಜಿಬ್ರಾಲ್ಟರ್‌ನ ಪ್ರಕರಣ. 1988ರ ಮಾರ್ಚ್ 6ರಂದು ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ ಸಂಘಟನೆಯ ಮೂವರನ್ನು ಬ್ರಿಟಿಷ್ ಸೈನಿಕರು ಬೀದಿಯಲ್ಲೇ ಕೊಂದರು. ಇವರ ಹತ್ತಿರ ರಿಮೋಟ್ ಇದೆ, ಒಂದು ಬಟನ್ ಒತ್ತಿದರೆ ಕಾರ್ ಬಾಂಬ್ ಸಿಡಿಯುತ್ತದೆ ಎಂದು ಸೈನಿಕರಿಗೆ ಮೊದಲೇ ಹೇಳಲಾಗಿತ್ತು. ಆಮೇಲೆ ನೋಡಿದರೆ ರಿಮೋಟೂ ಇಲ್ಲ, ಆ ಕಾರಿನಲ್ಲಿ ಬಾಂಬೂ ಇಲ್ಲ. 1995ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 10–9ರ ಅಂತರದಲ್ಲಿ ತೀರ್ಪು ಕೊಟ್ಟಿತು. ಸೈನಿಕರು ಪ್ರಾಮಾಣಿಕವಾಗಿ ನಂಬಿದ್ದರು, ಅವರನ್ನು ದೂರುವಂತಿಲ್ಲ. ತಪ್ಪು ಆಗಿದ್ದು ಯೋಜನೆಯಲ್ಲಿ. ಗಡಿಯಲ್ಲೇ ಮೂವರನ್ನೂ ತಡೆಯಬಹುದಿತ್ತು, ತಡೆಯಲಿಲ್ಲ. ಮಾಹಿತಿ ತಪ್ಪಿರಬಹುದು ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಂದರೆ ಟ್ರಿಗರ್ ಒತ್ತಿದವನ ಜೊತೆಗೆ, ಅವನನ್ನು ಅಲ್ಲಿಗೆ ಕಳಿಸಿದವರೂ ಉತ್ತರ ಕೊಡಬೇಕು. ಒಂದು ಮತ ಆಚೀಚೆ ಆಗಿದ್ದರೆ ತೀರ್ಪೇ ತಿರುಗುತ್ತಿತ್ತು ಅಲ್ವಾ?

ಗುಂಡು ಹಾರಿದ ಮೇಲೆ ತನಿಖೆ. ಗುಂಡು ಹೊಡೆದವರೇ ತನಿಖೆಯನ್ನೂ ನಡೆಸಿದರೆ ಅದು ತನಿಖೆ ಎನಿಸಿಕೊಳ್ಳುವುದಿಲ್ಲ. ವಿಶ್ವಸಂಸ್ಥೆಯ 1989ರ ತತ್ವಗಳಲ್ಲಿ ಒಂದು ಸಣ್ಣ ಸಾಲಿದೆ: ಪೋಸ್ಟ್‌ಮಾರ್ಟಂ ನಡೆಯುವಾಗ ತಮ್ಮ ಕಡೆಯ ಒಬ್ಬ ಡಾಕ್ಟರ್ ಅಲ್ಲಿ ಇರಲೇಬೇಕು ಎಂದು ಸತ್ತವರ ಮನೆಯವರು ಪಟ್ಟು ಹಿಡಿಯಬಹುದು.