ಸಖರಾಯಪಟ್ಟಣದ ರೇಸ್ ಟ್ರ್ಯಾಕ್‌ನಲ್ಲಿ ಮಳೆನೀರು ಎಲ್ಲಿಗೆ ಹೋಗಬೇಕು?

ಅಕ್ಕನ ಮಗ ಹಾಸನದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದಾನೆ. ಕಾರ್ ರೇಸ್ ಅಂದರೆ ಅವನಿಗೆ ಪ್ರಾಣ. ಹೋದ ತಿಂಗಳು ಚಿಕ್ಕಮಗಳೂರಿಗೆ ಬಂದವನು ಊಟಕ್ಕೆ ಕೂರುವ ಮೊದಲೇ ಬ್ಯಾಗಿನಿಂದ ಒಂದು ಡ್ರಾಯಿಂಗ್ ಶೀಟ್ ತೆಗೆದು ಟೇಬಲ್ ಮೇಲೆ ಹರಡಿದ. "ಮಾವ, ಇದು ನಮ್ಮೂರಿನ ರೇಸ್ ಟ್ರ್ಯಾಕ್. ಹೆಂಗಿದೆ ನೋಡಿ ಹೇಳಿ." ಕಂಪ್ಯೂಟರ್ ಗೇಮಿನಲ್ಲಿ ಓಡಿಸೋಕೆ ಅಂತ ಅವನೇ ಕಲ್ಪಿಸಿಕೊಂಡ ಟ್ರ್ಯಾಕ್ ಅದು. 4 ಕಿ.ಮೀ. ಉದ್ದ, 14 ತಿರುವು, ಒಂದು ಉದ್ದನೆಯ ನೇರ ದಾರಿ, ಕೊನೆಯಲ್ಲಿ ಬಂದ ಕಡೆಗೇ ಹೊರಳುವ ಹೇರ್‌ಪಿನ್ ತಿರುವು, ನಡುವೆ ಹಾವಿನ ಹಾಗೆ ಎಡ-ಬಲ-ಎಡ ಹೋಗುವ ಒಂದು ಚಂದದ ಎಸ್.

ನಾನು ಆ ಎಸ್ ಮೇಲೆ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿದೆ. "ಮಳೆ ಬಂದರೆ ಇಲ್ಲಿ ನೀರು ಎಲ್ಲಿಗೆ ಹೋಗುತ್ತೆ?"

"ಗೇಮಲ್ಲಿ ಚರಂಡಿ ಇರಲ್ಲ ಮಾವ" ಅಂದ.

ಅಲ್ಲಿಂದ ಶುರುವಾಯಿತು. ನನ್ನ ಕೆಲಸ ಮಲೆನಾಡಿನ ರಸ್ತೆಗಳ ಸರ್ವೆ ಮತ್ತು ಅಲೈನ್‌ಮೆಂಟ್, ಅಂದರೆ ರಸ್ತೆ ಎಲ್ಲಿ ಹೇಗೆ ಹಾದು ಹೋಗಬೇಕು ಅಂತ ಗುರುತಿಸುವುದು. ರೇಸ್ ಟ್ರ್ಯಾಕ್ ಹಾಕಿದವನಲ್ಲ. ಆದರೆ ಟ್ರ್ಯಾಕ್ ಕೂಡ ರಸ್ತೆಯೇ ಅಲ್ವಾ? ಅದಕ್ಕೂ ಏರು, ಇಳಿಜಾರು, ತಿರುವು, ಚರಂಡಿ ಎಲ್ಲಾ ಬೇಕು. ವ್ಯತ್ಯಾಸ ಏನೆಂದರೆ ಮಾಮೂಲಿ ರಸ್ತೆಯಲ್ಲಿ ನಾವು ಮಾಡಿದ ಸಣ್ಣ ತಪ್ಪನ್ನು ಡ್ರೈವರ್ ನಿಧಾನ ಮಾಡಿ ಸರಿದೂಗಿಸಿಕೊಳ್ಳುತ್ತಾನೆ, ಟ್ರ್ಯಾಕಿನಲ್ಲಿ ಯಾರೂ ನಿಧಾನ ಮಾಡುವುದಿಲ್ಲ. ಹಾಗಾಗಿ ಎರಡು ಭಾನುವಾರ ಇಬ್ಬರೂ ಕೂತು ಆ ಶೀಟನ್ನು ಮತ್ತೆ ಬರೆದೆವು. ಕಲ್ಪನೆಯ ಟ್ರ್ಯಾಕೇ ಇರಲಿ, ನೆಲ ಮಾತ್ರ ನಿಜದ್ದು ಇರಬೇಕು ಅಂತ ನಾನು ಹಟ ಹಿಡಿದೆ.

ಮೊದಲು ಜಾಗ. ಅವನು ಟ್ರ್ಯಾಕನ್ನು ಕೈಮರದ ಹತ್ತಿರ, ಮುಳ್ಳಯ್ಯನಗಿರಿಯ ಬುಡದಲ್ಲಿ ಇಟ್ಟಿದ್ದ. ನೋಡೋಕೆ ಅದಕ್ಕಿಂತ ಚಂದದ ಜಾಗ ಇಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಸಪಾಟು ಜಾಗ ಸಿಗುವುದು ಕಷ್ಟ, ಮರ ಕಡಿಯಬೇಕು, ಗುಡ್ಡ ಕೊರೆಯಬೇಕು, ಕೊರೆದ ಗುಡ್ಡ ಮಳೆಗಾಲದಲ್ಲಿ ಕುಸಿಯುತ್ತದೆ. ನಮ್ಮ ಕಾಫಿ ತೋಟದ ಮಣ್ಣು ದಾರಿಗಳಲ್ಲಿ ರ್‍ಯಾಲಿ ನಡೆಯುವುದು ಚಿಕ್ಕಮಗಳೂರಿನವರಿಗೆ ಹೊಸದೇನಲ್ಲ, ಆ ನೆಲ ರ್‍ಯಾಲಿಗೆ ಹೇಳಿ ಮಾಡಿಸಿದ್ದು. ರ್‍ಯಾಲಿಯಲ್ಲಿ ಕಾರುಗಳು ಒಂದರ ಹಿಂದೆ ಒಂದು, ಸಮಯ ಬಿಟ್ಟು ಹೊರಡುತ್ತವೆ. ದಾರಿ ಹೇಗಿದೆಯೋ ಹಾಗೆ ಓಡಿಸುತ್ತಾರೆ. ಸರ್ಕ್ಯೂಟ್ ಹಾಗಲ್ಲ. ಇಪ್ಪತ್ತು ಕಾರು ಅಕ್ಕಪಕ್ಕ ನುಗ್ಗುತ್ತವೆ, ಅಗಲ ಬೇಕು, ತಪ್ಪಿದವರಿಗೆ ಪಕ್ಕದಲ್ಲಿ ಖಾಲಿ ಜಾಗ ಬೇಕು. ಅದಕ್ಕೇ ನಾನು ಶೀಟನ್ನು ಪೂರ್ವಕ್ಕೆ ಎಳೆದೆ. ಕಡೂರು ರಸ್ತೆಯಲ್ಲಿ ಸಖರಾಯಪಟ್ಟಣ ದಾಟಿದ ಮೇಲೆ, ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಕಡೆ. ಅಲ್ಲಿ ಮಳೆ ಕಡಿಮೆ, ನೆಲದಲ್ಲಿ ಸಣ್ಣ ಸಣ್ಣ ದಿಣ್ಣೆಗಳಿವೆ. ಟ್ರ್ಯಾಕಿಗೆ ಬೇಕಾದ್ದು ಇಂಥ ನೆಲವೇ. ಪೂರ್ತಿ ಸಪಾಟಾದರೆ ನೀರು ನಿಲ್ಲುತ್ತದೆ, ತೀರಾ ಕಡಿದಾದರೆ ಕೊಚ್ಚಿಕೊಂಡು ಹೋಗುತ್ತದೆ.

ನಂತರ ನಿಯಮ. ಜಗತ್ತಿನ ಮೋಟಾರ್ ರೇಸ್‌ಗಳನ್ನು ನೋಡಿಕೊಳ್ಳುವ ಎಫ್‌ಐಎ ಸಂಸ್ಥೆ ಟ್ರ್ಯಾಕ್ ಹೇಗಿರಬೇಕು ಅಂತ ಅಳತೆ ಕೊಟ್ಟಿದೆ. ಹೊಸ ಟ್ರ್ಯಾಕ್ ಕನಿಷ್ಠ 12 ಮೀಟರ್ ಅಗಲ ಇರಬೇಕು, ಕಾರುಗಳು ಸಾಲಾಗಿ ನಿಲ್ಲುವ ಕಡೆ 15. ನೇರ ದಾರಿ 2 ಕಿ.ಮೀ. ಮೀರಬಾರದು. ಸ್ಟಾರ್ಟ್ ಗೆರೆಯಿಂದ ಮೊದಲ ತಿರುವಿಗೆ ಕನಿಷ್ಠ 250 ಮೀಟರ್ ಬೇಕು. ಸ್ಟಾರ್ಟ್ ಕೊಡುವ ನೇರ ದಾರಿಯ ಏರು ಶೇ 2 ದಾಟಬಾರದು. ಹೋಲಿಕೆಗೆ ಬೇಕಿದ್ದರೆ, ದೆಹಲಿ ಪಕ್ಕದ ಬುದ್ಧ ಸರ್ಕ್ಯೂಟ್ 5.125 ಕಿ.ಮೀ. ಇದೆ, 2011ರಿಂದ 2013ರವರೆಗೆ ಅಲ್ಲಿ ಫಾರ್ಮುಲಾ ಒನ್ ನಡೆಯಿತು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಸುಮಾರು 3.7 ಕಿ.ಮೀ. ನಮ್ಮ 4 ಕಿ.ಮೀ. ಇವೆರಡರ ನಡುವೆ ಬಂತು.

ನೇರ ದಾರಿಯನ್ನು ಹುಡುಗ ಪೂರ್ವದಿಂದ ಪಶ್ಚಿಮಕ್ಕೆ ಎಳೆದಿದ್ದ. ಎದುರಿಗೆ ಗಿರಿ ಕಾಣಲಿ ಅಂತ ಅವನ ಆಸೆ. ಸಂಜೆ ಐದೂವರೆಗೆ ಕಡೂರಿನಿಂದ ಚಿಕ್ಕಮಗಳೂರಿಗೆ ಬೈಕಿನಲ್ಲಿ ಬಂದವರಿಗೆ ಗೊತ್ತು, ಬಿಸಿಲು ಕಣ್ಣಿಗೇ ಹೊಡೆಯುತ್ತೆ. ಅದೇ ಬಿಸಿಲನ್ನು ಎದುರಿಗೆ ಇಟ್ಟುಕೊಂಡು 250ರ ವೇಗದಲ್ಲಿ ಬ್ರೇಕ್ ಹಾಕುವ ಜಾಗ ಹುಡುಕಬೇಕು ಅಂದರೆ ಹೇಗೆ? ನೇರ ದಾರಿಯನ್ನು ಉತ್ತರ-ದಕ್ಷಿಣಕ್ಕೆ ತಿರುಗಿಸಿದೆವು. ಗಿರಿ ಈಗ ಪಕ್ಕದಲ್ಲಿ ಕಾಣುತ್ತದೆ.

ತಿರುವಿನ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು, ಓದಿದ್ದೇ ಅದು. ಒಳ್ಳೆ ಟೈರ್ ಇರುವ ಮಾಮೂಲಿ ಕಾರು 60 ಮೀಟರ್ ರೇಡಿಯಸ್ ತಿರುವನ್ನು ಹೆಚ್ಚೆಂದರೆ ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ದಾಟಬಹುದು. ರೇಡಿಯಸ್ ನಾಲ್ಕು ಪಟ್ಟು ಮಾಡಿದರೆ ವೇಗ ಎರಡೇ ಪಟ್ಟು ಆಗುತ್ತದೆ. 240 ಮೀಟರಿಗೆ ಸುಮಾರು 160. ಬ್ರೇಕ್ ಲೆಕ್ಕವೂ ಹೀಗೇ. ಒಣ ಡಾಂಬರಿನ ಮೇಲೆ ಹಿಡಿತ ಪೂರ್ತಿ ಸಿಕ್ಕಿದರೆ 250ರಿಂದ 80ಕ್ಕೆ ಇಳಿಯೋಕೆ ಸುಮಾರು 220 ಮೀಟರ್ ಬೇಕು. ಒದ್ದೆಯಾಗಿ ಹಿಡಿತ ಅರ್ಧಕ್ಕೆ ಇಳಿಯಿತು ಅಂದುಕೊಳ್ಳಿ, ಅದೇ 440 ಮೀಟರ್ ಆಗುತ್ತದೆ. ಅಲ್ಲಿಗೆ ಮತ್ತೆ ನೀರಿನ ಹತ್ತಿರವೇ ಬಂದೆವು.

ಎಷ್ಟು ನೀರು? 4 ಕಿ.ಮೀ. ಉದ್ದ, 12 ಮೀಟರ್ ಅಗಲ ಅಂದರೆ 48,000 ಚದರ ಮೀಟರ್ ಡಾಂಬರು. ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದರೆ ಅದರ ಮೇಲೆ ಬೀಳುವುದು 24 ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 200 ಲೋಡ್. ಇದು ಬರೀ ಟ್ರ್ಯಾಕಿನದ್ದು. ಪಕ್ಕದ ಹುಲ್ಲು, ಕಾರು ರಿಪೇರಿ ಮಾಡುವ ಪಿಟ್ ಕಟ್ಟಡದ ಸೂರು, ಪಾರ್ಕಿಂಗ್ ಜಾಗ ಇವೆಲ್ಲ ಸೇರಿದರೆ ಇನ್ನೂ ಎಷ್ಟೋ ಜಾಸ್ತಿ. ಹುಡುಗ ಈ ಲೆಕ್ಕವನ್ನು ಎರಡು ಸಲ ಮಾಡಿ ನೋಡಿದ.

ಈ ನೀರು ಡಾಂಬರಿನ ಮೇಲಿಂದ ಬೇಗ ಇಳಿಯಲಿ ಅಂತಲೇ ರಸ್ತೆಗೆ ಅಡ್ಡ ಇಳಿಜಾರು ಕೊಡುವುದು, ನಾವು ಕ್ಯಾಂಬರ್ ಅನ್ನುತ್ತೇವೆ. ನೇರ ದಾರಿಯಲ್ಲಿ ಇದು ಶೇ 1.5ಕ್ಕಿಂತ ಕಡಿಮೆ ಇರಬಾರದು, ಶೇ 3 ಮೀರಬಾರದು ಅನ್ನುತ್ತದೆ ಎಫ್‌ಐಎ. ಶೇ 2 ಕೊಟ್ಟರೆ 12 ಮೀಟರ್ ಅಗಲಕ್ಕೆ ಒಂದು ಅಂಚು ಇನ್ನೊಂದಕ್ಕಿಂತ 24 ಸೆಂ.ಮೀ. ತಗ್ಗಿನಲ್ಲಿರುತ್ತದೆ. ಊರ ರಸ್ತೆಗೆ ನಡುವೆ ಎತ್ತರ ಮಾಡಿ ಎರಡೂ ಕಡೆ ಇಳಿಸುತ್ತೇವೆ. ಟ್ರ್ಯಾಕಿಗೆ ನನ್ನ ಆಯ್ಕೆ ಒಂದೇ ಕಡೆಗೆ ಇಳಿಜಾರು. ರೇಸ್ ಕಾರು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓರೆಯಾಗಿ ದಾಟುತ್ತಲೇ ಇರುತ್ತದೆ, ನಡುವಿನ ಉಬ್ಬು ಅದರ ತೂಕವನ್ನು ಅಲ್ಲಾಡಿಸುತ್ತದೆ.

ಈಗ ಆ ಎಸ್‌ಗೆ ಬರೋಣ. ಬಲ ತಿರುವಿನಲ್ಲಿ ಟ್ರ್ಯಾಕ್ ಬಲ ಅಂಚಿನ ಕಡೆಗೆ ಇಳಿಜಾರಾಗಿರಬೇಕು, ಎಡ ತಿರುವಿನಲ್ಲಿ ಎಡ ಅಂಚಿನ ಕಡೆಗೆ. ಹಾಗಾದರೆ ನಡುವೆ ಎಲ್ಲೋ ಒಂದು ಕಡೆ ಅದು ಯಾವ ಕಡೆಗೂ ಇಳಿಜಾರಾಗಿರುವುದಿಲ್ಲ. ಸೊನ್ನೆ. ಬಲಕ್ಕೆ ಶೇ 4 ಇದ್ದದ್ದನ್ನು 80 ಮೀಟರ್ ದೂರದಲ್ಲಿ ಎಡಕ್ಕೆ ಶೇ 4 ಮಾಡಿದಿರಿ ಅಂದುಕೊಳ್ಳಿ. ಅದರಲ್ಲಿ 20 ಮೀಟರ್ ಉದ್ದಕ್ಕೆ ಅಡ್ಡ ಇಳಿಜಾರು ಶೇ 1ಕ್ಕಿಂತ ಕಡಿಮೆ. ಆ ಜಾಗದಲ್ಲಿ ಉದ್ದಕ್ಕೂ ಇಳಿಜಾರು ಇಲ್ಲದಿದ್ದರೆ ನೀರಿಗೆ ಹೋಗಲು ದಾರಿಯೇ ಇಲ್ಲ, ತಟ್ಟೆಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಕಾರು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳುವುದೂ ಸರಿಯಾಗಿ ಅಲ್ಲೇ. 180ರ ವೇಗದಲ್ಲಿ ಆ 20 ಮೀಟರ್ ದಾಟೋಕೆ 0.4 ಸೆಕೆಂಡ್ ಸಾಕು, ಟೈರ್ ನೀರಿನ ಮೇಲೆ ತೇಲೋಕೂ ಅಷ್ಟೇ ಸಾಕು.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೂಡಿಗೆರೆ ಕಡೆ ಒಂದು ತೋಟದ ರಸ್ತೆಗೆ ಲೆವೆಲ್ ಕೊಟ್ಟಿದ್ದೆ. ಎರಡು ತಿರುವೂ ಚೆನ್ನಾಗಿ ಬಂದಿದ್ದವು. ನಡುವಿನ ಸಮತಟ್ಟು ಜಾಗದಲ್ಲಿ ಮೊದಲ ಮಳೆಗೇ ನೀರು ನಿಂತಿತು, ಬೈಕಿನಲ್ಲಿ ಬಂದ ಒಬ್ಬರು ಜಾರಿ ಬಿದ್ದು ಕೈ ಮುರಿದುಕೊಂಡರು. ತಪ್ಪು ನನ್ನದೇ. ಆಮೇಲೆ ನಾನು ಯಾವ ರಸ್ತೆಯ ನಕ್ಷೆ ನೋಡಿದರೂ ಮೊದಲು ನೋಡುವುದು ತಿರುವನ್ನಲ್ಲ, ಎರಡು ತಿರುವಿನ ನಡುವಿನ ಜಾಗವನ್ನು.

"ಹಾಗಾದರೆ ಎಸ್ ಅನ್ನು ಇಳಿಜಾರಿನಲ್ಲಿ ಇಟ್ಟರೆ ಆಯ್ತಲ್ಲ ಮಾವ?" ಅಂದ. ಅರ್ಧ ಸರಿ. ಉದ್ದ ಇಳಿಜಾರು ಇದ್ದರೆ ನೀರು ನಿಲ್ಲುವುದಿಲ್ಲ, ಆದರೆ ಟ್ರ್ಯಾಕಿನ ಉದ್ದಕ್ಕೇ ಹರಿಯುತ್ತದೆ. ಮೇಲಿನಿಂದ ಬಲ ಅಂಚಿಗೆ ಓರೆಯಾಗಿ ಹೋಗುತ್ತಿದ್ದ ನೀರು ಕ್ಯಾಂಬರ್ ತಿರುಗಿದ ಕೂಡಲೇ ಹೊರಳಿ ಎಡ ಅಂಚಿಗೆ ಹೊರಡುತ್ತದೆ. ಅಂದರೆ ಟ್ರ್ಯಾಕಿಗೆ ಅಡ್ಡಲಾಗಿ ಒಂದು ಸಣ್ಣ ಹಳ್ಳ. ಜಪಾನಿನ ಸುಜುಕಾ ಟ್ರ್ಯಾಕಿನಲ್ಲಿ 2014ರಲ್ಲಿ ಮಳೆಯ ರೇಸಿನಲ್ಲಿ ಫಾರ್ಮುಲಾ ಒನ್ ಡ್ರೈವರ್ ಜೂಲ್ಸ್ ಬಿಯಾಂಕಿ ಅವರ ಕಾರು ಹೊರಗೆ ಹಾರಿ ಕ್ರೇನಿಗೆ ಬಡಿಯಿತು. ಮುಂದಿನ ವರ್ಷ ಅವರು ತೀರಿಕೊಂಡರು. ಬೇರೆ ಕಾರಣಗಳೂ ಇದ್ದವು. ಆದರೆ ತನಿಖೆ ಮಾಡಿದವರು ನೀರಿನ ಬಗ್ಗೆಯೂ ಬರೆದರು: ಆ ತಿರುವಿನಲ್ಲಿ ನೀರು ಟ್ರ್ಯಾಕಿಗೆ ಇಳಿದು ಉದ್ದಕ್ಕೆ ಹರಿದು, ಕಾರುಗಳು ಓಡಿ ಅರ್ಧ ಒಣಗಿದ್ದ ದಾರಿಯನ್ನು ಥಟ್ಟನೆ ಕಿರಿದು ಮಾಡಿತ್ತು. ಇದನ್ನು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ರೇಸ್ ಅವನು ನೋಡಿದ್ದ.

ನಾವು ಕಂಡುಕೊಂಡ ದಾರಿ ಇದು. ಕ್ಯಾಂಬರ್ ತಿರುಗುವ ಜಾಗವನ್ನು ದಿಣ್ಣೆಯ ನೆತ್ತಿಯ ಹತ್ತಿರ ಇಡಬೇಕು. ನೆತ್ತಿಯಲ್ಲಿ ನೀರು ಎರಡು ಕಡೆಗೆ ಒಡೆದುಕೊಳ್ಳುತ್ತದೆ, ಮೇಲಿನಿಂದ ಹರಿದು ಬರೋಕೆ ಮೇಲೆ ಏನೂ ಇರುವುದಿಲ್ಲ. ಸರಿಯಾಗಿ ನೆತ್ತಿಯ ಮೇಲೇ ಇಟ್ಟರೆ ಅಲ್ಲಿ ಉದ್ದ ಇಳಿಜಾರೂ ಸೊನ್ನೆ, ಮತ್ತೆ ತಟ್ಟೆ. ಅದಕ್ಕೆ ಸ್ವಲ್ಪ ಕೆಳಗೆ. ಎಷ್ಟು ಕೆಳಗೆ? ಉಬ್ಬಿಗೂ ಎಫ್‌ಐಎ ಲೆಕ್ಕ ಇದೆ, ಗಂಟೆಗೆ ಕಿ.ಮೀ. ವೇಗವನ್ನು ಅದರಿಂದಲೇ ಗುಣಿಸಿ 15ರಿಂದ ಭಾಗಿಸಿದರೆ ಉಬ್ಬಿನ ಕನಿಷ್ಠ ರೇಡಿಯಸ್ ಮೀಟರಿನಲ್ಲಿ ಸಿಗುತ್ತದೆ. 180ರ ವೇಗಕ್ಕೆ 2,160 ಮೀಟರ್. ಅಂಥ ಉಬ್ಬಿನಲ್ಲಿ ನೆತ್ತಿಯಿಂದ 21.6 ಮೀಟರ್ ಇಳಿದರೆ ಶೇ 1 ಇಳಿಜಾರು ಸಿಕ್ಕುತ್ತದೆ. ಕ್ಯಾಂಬರ್ ಅಲ್ಲೇ ತಿರುಗಲಿ. ಮೇಲಿನಿಂದ ಬರುವ ನೀರು ಬರೀ 20 ಮೀಟರ್ ಚಿಲ್ಲರೆಯದ್ದು, ನಿಲ್ಲದ ಹಾಗೆ ತಳ್ಳೋಕೆ ಇಳಿಜಾರೂ ಇದೆ. ಇಷ್ಟು ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು. ಅಕ್ಕ ಫೋನ್ ಮಾಡಿ ಊಟ ಆಯ್ತಾ ಅಂತ ಮೂರು ಸಲ ಕೇಳಿದ್ದಳು.

ಇದಕ್ಕೆ ಬೆಲೆ ಕೊಡಬೇಕು. ನೆತ್ತಿ ದಾಟುವಾಗ ಕಾರು ಹಗುರ ಆಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಹಾಗಾಗಿ ಎಸ್‌ಗೆ ಮೊದಲು ಒಂದು ಬಿಗಿ ತಿರುವು ಇಟ್ಟು ವೇಗ ಇಳಿಸಿದೆವು. ಅವನ ಉದ್ದನೆಯ ನೇರ ದಾರಿ 1,100 ಮೀಟರಿನಿಂದ 850ಕ್ಕೆ ಬಂತು. ಅವನಿಗೆ ಬೇಜಾರಾಯಿತು. ನನಗೆ ಮಾತ್ರ ಈಗಿನ ಟ್ರ್ಯಾಕೇ ಹೆಚ್ಚು ಇಷ್ಟ. ಏರು ಹತ್ತುತ್ತಾ ಬಲಕ್ಕೆ, ನೆತ್ತಿ ದಾಟಿ ಎಡಕ್ಕೆ, ಮುಂದಿನದು ಕಾಣದೆ ನುಗ್ಗುವ ತಿರುವು ಚಪ್ಪಟೆ ಬಯಲಿನಲ್ಲಿ ಎಲ್ಲಿ ಸಿಗುತ್ತೆ?

ತಪ್ಪಿದ ಕಾರಿಗೆ ಬಿಡುವ ಜಾಗದ ಬಗ್ಗೆ ಒಂದು ಮಾತು. ಅಲ್ಲಿ ಹರಡುವ ಕಲ್ಲು ನಮ್ಮ ಕ್ರಷರ್ ಜಲ್ಲಿ ಅಲ್ಲ. ಕ್ರಷರ್ ಜಲ್ಲಿಗೆ ಮೂಲೆಗಳಿರುತ್ತವೆ, ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತದೆ. ರಸ್ತೆಗೆ ಅದೇ ಬೇಕು. ಇಲ್ಲಿ ಬೇಕಾದ್ದು ಹೊಳೆಯ ನೊರಜುಗಲ್ಲಿನ ಹಾಗೆ ಉರುಟಾದ ಸಣ್ಣ ಕಲ್ಲು, ಸುಮಾರು 25 ಸೆಂ.ಮೀ. ದಪ್ಪಕ್ಕೆ. ಚಕ್ರ ಅದರಲ್ಲಿ ಹೂತು ಕಾರು ನಿಲ್ಲುತ್ತದೆ. ಕೆಂಪು ಮಣ್ಣಿನ ನೀರು ಇದರೊಳಗೆ ನುಗ್ಗಿದರೆ ಒಂದೇ ಮಳೆಗಾಲದಲ್ಲಿ ಕಲ್ಲು ಮಣ್ಣು ಕೂಡಿ ಗಾರೆ ಹಾಕಿದ ಹಾಗೆ ಆಗುತ್ತದೆ. ಅದರ ಮೇಲೆ ಕಾರು ನಿಲ್ಲದೆ ಜಾರಿ ಹೋಗುತ್ತದೆ. ಅದಕ್ಕೇ ಕಲ್ಲಿನ ಹಾಸಿಗೂ ಕೆಳಗೆ ಪೈಪ್, ಮೇಲ್ಗಡೆ ಬೇರೆ ಚರಂಡಿ ಬೇಕು.

ಇಷ್ಟೆಲ್ಲ ಮಾಡಿದರೂ ಎಂಥ ಮಳೆಗೂ ಟ್ರ್ಯಾಕ್ ತಡೆಯುತ್ತದೆ ಅಂತ ಅಲ್ಲ. ಮಲೇಷ್ಯಾದ ಸೆಪಾಂಗ್ ಟ್ರ್ಯಾಕ್ ಬಿರುಮಳೆಯ ದೇಶದಲ್ಲಿದೆ. ಅಲ್ಲೂ 2009ರಲ್ಲಿ ಸಂಜೆ ಐದಕ್ಕೆ ಶುರುವಾದ ಫಾರ್ಮುಲಾ ಒನ್ ರೇಸ್ ಮಳೆಗೆ ನಿಂತುಹೋಯಿತು, 31 ಸುತ್ತಿನ ಲೆಕ್ಕ ಹಿಡಿದು ಅರ್ಧ ಅಂಕ ಕೊಟ್ಟರು. ಚರಂಡಿಯ ಕೆಲಸ ಮಳೆ ನಿಂತ ಮೇಲೆ ಟ್ರ್ಯಾಕ್ ಎಷ್ಟು ಬೇಗ ಓಡಿಸುವಂತಾಗುತ್ತದೆ ಅನ್ನುವುದರಲ್ಲೂ ಇದೆ.

ಕೊನೆಗೆ ಆ 24 ಲಕ್ಷ ಲೀಟರ್. ಅದರಲ್ಲಿ ಆಯಿಲ್ ಇರುತ್ತದೆ, ಸವೆದ ಟೈರಿನ ಪುಡಿ ಇರುತ್ತದೆ. ಸಖರಾಯಪಟ್ಟಣದ ಸುತ್ತ ಜನ ಕೆರೆ ನೀರು ನಂಬಿ ಬದುಕುವವರು, ಅಯ್ಯನಕೆರೆ ಅಲ್ಲೇ ಇದೆ. ಟ್ರ್ಯಾಕಿನ ನೀರು ಸೀದಾ ಯಾವ ಹಳ್ಳಕ್ಕೂ ಹೋಗಬಾರದು. ತಗ್ಗಿನ ಮೂಲೆಯಲ್ಲಿ, ಹೇರ್‌ಪಿನ್ ಹಿಂದೆ, ಎರಡು ಹೊಂಡ ಬರೆದೆವು. ಮೊದಲನೆಯದರಲ್ಲಿ ಕೆಸರು ಕೂರುತ್ತದೆ, ಆಯಿಲ್ ಮೇಲೆ ತೇಲುತ್ತದೆ. ತಳದ ಕೆಸರೂ ಮೇಲಿನ ಆಯಿಲೂ ಬರದ ಹಾಗೆ ನಡುಮಟ್ಟದ ಪೈಪಿನಿಂದ ನೀರು ಎರಡನೆಯದಕ್ಕೆ ಹೋಗುತ್ತದೆ. ಅದಕ್ಕೆ ಕೆರೆಗೆ ಇರುವ ಹಾಗೆ ಒಂದು ಕೋಡಿ. ಹುಡುಗ ಅದಕ್ಕೆ ಹಸಿರು ಬಣ್ಣ ಹಚ್ಚಿ ಶೀಟ್ ಸುತ್ತಿಕೊಂಡು ಹಾಸನಕ್ಕೆ ಹೋದ.

ಮೊನ್ನೆ ಜೋರು ಮಳೆ ಬಂದ ಸಂಜೆ ಅವನಿಂದ ಒಂದು ವಿಡಿಯೋ ಬಂತು. ಹಾಸನದ ಹೊರಗೆ ಯಾವುದೋ ರಸ್ತೆ, ಎರಡು ತಿರುವಿನ ನಡುವೆ ಹೊಳೆಯುವ ಒಂದು ನೀರಿನ ಹಾಳೆ. "ಮಾವ, ಇಲ್ಲೇ ಅಲ್ವಾ ಕ್ಯಾಂಬರ್ ತಿರುಗೋದು?" ಅಂತ ಕೇಳಿದ್ದ. ಅಲ್ಲೇ ಅಂತ ಬರೆದೆ. ಮಳೆ ನಿಂತ ಮೇಲೆ ನೀರಿನ ಉದ್ದ ಎಷ್ಟಿದೆ ಅಂತ ಹೆಜ್ಜೆಯಲ್ಲಿ ಅಳೆದು ಕಳಿಸು, ಗಾಡಿ ನೋಡಿಕೊಂಡು ಪಕ್ಕದಲ್ಲೇ ನಡಿ ಅಂತಲೂ ಹೇಳಿದೆ.