ಕಾಡ್ಗಿಚ್ಚಿನ ಹೊಗೆಯನ್ನು ತೂಗುವ ಬಗೆ

2023ರ ಜೂನ್ ಮೊದಲ ವಾರ ನ್ಯೂಯಾರ್ಕ್‌ನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಹೊಗೆ ಬಂದಿದ್ದು ನೂರಾರು ಕಿಲೋಮೀಟರ್ ಆಚೆಯ ಕೆನಡಾದ ಕಾಡುಗಳಿಂದ. ಆ ವರ್ಷ ಅಲ್ಲಿ ಸುಟ್ಟಿದ್ದು ಸುಮಾರು 1.5 ಕೋಟಿ ಹೆಕ್ಟೇರ್. ಅಂದರೆ ಇಡೀ ಕರ್ನಾಟಕದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ.

ಇಷ್ಟೆಲ್ಲ ಸುಟ್ಟಾಗ ಗಾಳಿಗೆ ಸೇರಿದ ಇಂಗಾಲ ಎಷ್ಟು?

ಸುಟ್ಟ ಕಾಡಿನ ಇಂಗಾಲ ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್ ಆಗಿಯೇ ಹೊರಬರುತ್ತದೆ. ಹಾಗಾದರೆ ಅದನ್ನೇ ಅಳೆಯಬಹುದಲ್ವಾ? ಕಷ್ಟ. ಗಾಳಿಯ ಪ್ರತಿ 10 ಲಕ್ಷ ಅಣುಗಳಲ್ಲಿ ಆಗಲೇ ಸುಮಾರು 420 ಅದೇ ಇರುತ್ತವೆ. ಬೆಂಕಿ ಸೇರಿಸಿದ್ದು ತುಂಬಿದ ಕೆರೆಗೆ ಕೊಡ ನೀರು ಸುರಿದಂತೆ. ಬೆಂಕಿಯಿಂದಲೇ ಬರುವ ಇನ್ನೊಂದು ಅನಿಲ ಕಾರ್ಬನ್ ಮೊನಾಕ್ಸೈಡ್ ಹಾಗಲ್ಲ. ಉತ್ತರ ಗೋಳಾರ್ಧದ ಶುದ್ಧ ಗಾಳಿಯಲ್ಲಿ 100 ಕೋಟಿ ಅಣುಗಳಿಗೆ ಅದು ಸುಮಾರು 100 ಅಷ್ಟೇ. ದಟ್ಟ ಹೊಗೆ ಬಂತೆಂದರೆ ಈ ಲೆಕ್ಕ ಹಲವು ಪಟ್ಟು ಏರುತ್ತದೆ. ಒಂದೆರಡು ತಿಂಗಳು ಗಾಳಿಯಲ್ಲಿ ಉಳಿಯುವುದರಿಂದ ಜಾಡು ಹಿಡಿಯಲೂ ಆಗುತ್ತದೆ.

ಒಲೆಗೆ ಹಸಿ ಸೌದೆ ಇಟ್ಟವರಿಗೆ ಇದು ಗೊತ್ತು. ಧಗಧಗ ಉರಿಯುವಾಗ ಹೊಗೆ ಕಡಿಮೆ. ಜ್ವಾಲೆ ಇಲ್ಲದೆ ಸುಮ್ನೆ ಹೊಗೆಯಾಡುವಾಗಲೇ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ, ಏಕೆಂದರೆ ಉರಿಯುವಿಕೆ ಅರ್ಧಕ್ಕೇ ನಿಂತಿರುತ್ತದೆ. ಕೆನಡಾದ ಕಾಡಿನ ನೆಲದಲ್ಲಿ ಪಾಚಿ, ಸೂಜಿ ಎಲೆ, ಅರೆಕೊಳೆತ ಸಸ್ಯಗಳ ದಪ್ಪ ಹಾಸು ಇದೆ. ಮರ ಉರಿದು ಮುಗಿದರೂ ಇದು ದಿನಗಟ್ಟಲೆ ಒಳಗೊಳಗೇ ಸುಡುತ್ತದೆ. ಹೀಗಾಗಿ ಒಂದು ಕಿಲೋ ಒಣ ಸಸ್ಯಕ್ಕೆ ಹುಲ್ಲುಗಾವಲಿನ ಬೆಂಕಿ ಕೊಡುವುದಕ್ಕಿಂತ ಸುಮಾರು ಎರಡರಷ್ಟು ಕಾರ್ಬನ್ ಮೊನಾಕ್ಸೈಡ್ ಈ ಕಾಡು ಕೊಡುತ್ತದೆ.

ಹಳೆಯ ಲೆಕ್ಕದ ಕ್ರಮವನ್ನು 1980ರಲ್ಲಿ ವಿಜ್ಞಾನಿಗಳಾದ ಸೈಲರ್ ಮತ್ತು ಕ್ರುಟ್ಸನ್ ರೂಪಿಸಿದರು. ಸುಟ್ಟ ಜಾಗ, ಅಲ್ಲಿದ್ದ ಸಸ್ಯರಾಶಿ, ಅದರಲ್ಲಿ ಸುಟ್ಟ ಪಾಲು, ಪ್ರತಿ ಕಿಲೋಗೆ ಬರುವ ಅನಿಲ: ನಾಲ್ಕನ್ನೂ ಗುಣಿಸಬೇಕು. ಸರಳವೇನೋ ಹೌದು. ಆದರೆ ಒಂದೊಂದರ ತಪ್ಪೂ ಗುಣಾಕಾರದಲ್ಲಿ ಸೇರಿಕೊಳ್ಳುತ್ತದೆ. ನೆಲದ ಹಾಸು ಎಷ್ಟು ಆಳದವರೆಗೆ ಸುಟ್ಟಿತು ಅನ್ನುವುದು ಮೇಲಿನಿಂದ ಕಾಣುವುದೇ ಇಲ್ಲ.

ಅದಕ್ಕೇ ಈಗ ಲೆಕ್ಕವನ್ನು ಗಾಳಿಯ ಕಡೆಯಿಂದಲೂ ಮಾಡುತ್ತಾರೆ. 2017ರ ಅಕ್ಟೋಬರ್‌ನಲ್ಲಿ ಹಾರಿದ ಸೆಂಟಿನೆಲ್-5ಪಿ ಉಪಗ್ರಹದಲ್ಲಿ ಟ್ರೋಪೋಮಿ ಎಂಬ ಉಪಕರಣವಿದೆ. ನೆಲಕ್ಕೆ ತಾಗಿ ಹಿಂತಿರುಗುವ ಬಿಸಿಲನ್ನು ಅದು ನೋಡುತ್ತದೆ. ಕಾರ್ಬನ್ ಮೊನಾಕ್ಸೈಡ್ 2.3 ಮೈಕ್ರೋಮೀಟರ್ ಸುತ್ತಲಿನ ಬೆಳಕನ್ನು ಹೀರುತ್ತದೆ. ಆ ಬೆಳಕು ಎಷ್ಟು ಕಡಿಮೆಯಾಗಿದೆ ಎಂದು ನೋಡಿದರೆ ಅನಿಲ ಎಷ್ಟಿದೆ ಎಂದು ತಿಳಿಯುತ್ತದೆ. ಬೇರೆ ಕಡೆಯಿಂದ ಬಂದ ಅನಿಲವೂ ಇದರಲ್ಲಿ ಬೆರೆತಿರುತ್ತದೆ. ಹಾಗಾಗಿ ಗಾಳಿಯ ಚಲನೆಯನ್ನು ಕಂಪ್ಯೂಟರಿನಲ್ಲಿ ಓಡಿಸಿ, ಉಪಗ್ರಹ ಕಂಡದ್ದಕ್ಕೆ ತಾಳೆಯಾಗುವ ತನಕ ಬೆಂಕಿಯ ಅಂದಾಜನ್ನು ತಿದ್ದುತ್ತಾರೆ.

ಉಪಗ್ರಹದ ಕಣ್ಣು ಸರಿಯಾಗಿದೆ ಎಂದು ನಂಬುವುದು ಹೇಗೆ? ನನಗೆ ಇಡೀ ಕೆಲಸದಲ್ಲಿ ಅತ್ಯಂತ ಇಷ್ಟವಾಗುವ ಭಾಗ ಇದು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಈಸ್ಟ್ ಟ್ರೌಟ್ ಲೇಕ್‌ನಲ್ಲಿ, ಕಾಡಿನ ನಡುವೆ, ಒಂದು ಉಪಕರಣ ಸೂರ್ಯನನ್ನೇ ಹಿಂಬಾಲಿಸುತ್ತದೆ. ನೇರ ಬಿಸಿಲಿನಲ್ಲಿ ಗಾಳಿಯ ಇಡೀ ಕಂಬವನ್ನು ಅಳೆಯುತ್ತದೆ. ಟಿಕಾನ್ ಎಂಬ ಜಾಲಕ್ಕೆ ಸೇರಿದ ಇಂಥ ಕೇಂದ್ರಗಳು ಲೋಕದ ಹಲವೆಡೆ ಇವೆ. ಮೋಡ ಬಂದರೆ ಕೆಲಸ ನಿಂತುಹೋಗುತ್ತದೆ, ಕಾಣುವುದೂ ತನ್ನ ತಲೆಯ ಮೇಲಿನ ಗಾಳಿ ಮಾತ್ರ. ಆದರೂ ನಿಖರತೆಯಲ್ಲಿ ಉಪಗ್ರಹಕ್ಕಿಂತ ಮುಂದೆ. ಉಪಗ್ರಹದ ಅಳತೆಯನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಕಲ್ಲು ಸಿಗುವುದು ಕಷ್ಟ.

ವಿಜ್ಞಾನಿ ಬ್ರೆಂಡನ್ ಬರ್ನ್ ಮತ್ತು ಸಂಗಡಿಗರು 2024ರಲ್ಲಿ ಕೆನಡಾದ ಲೆಕ್ಕ ಮುಂದಿಟ್ಟಿದ್ದು ಟ್ರೋಪೋಮಿಯ ಅಳತೆಗಳಿಂದಲೇ. ಮೂರು ಬೇರೆ ಬೇರೆ ಅಂದಾಜುಗಳಿಂದ ಶುರು ಮಾಡಿ ಕಾರ್ಬನ್ ಮೊನಾಕ್ಸೈಡ್ ಎಷ್ಟೆಂದು ಕಂಡುಕೊಂಡರು. ಬೆಂಕಿಯಿಂದ ಎರಡೂ ಅನಿಲಗಳು ಯಾವ ಅನುಪಾತದಲ್ಲಿ ಬರುತ್ತವೆ ಎಂಬುದನ್ನು ಹಿಡಿದು, ಅದರಿಂದ ಒಟ್ಟು ಇಂಗಾಲವನ್ನು ತೆಗೆದರು. ಉತ್ತರ: 2023ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಸುಮಾರು 64.7 ಕೋಟಿ ಟನ್ ಇಂಗಾಲ. ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ಇಡೀ ವರ್ಷದಲ್ಲಿ ಇದಕ್ಕಿಂತ ಹೆಚ್ಚು ಹೊರಬಿಡುವ ದೇಶಗಳು ಮೂರೇ: ಚೀನಾ, ಅಮೆರಿಕ, ಭಾರತ.