ಸಮುರಾಯಿಯ ಜಮೀನು ಎಲ್ಲಿ ಹೋಯಿತು?

1275ರ ಮಾತು. ಜಪಾನಿನ ಕ್ಯೂಶು ದ್ವೀಪದ ತಕೆಜಾಕಿ ಸುಯೆನಾಗ ಎಂಬ ಸಮುರಾಯಿ, ಶೋಗನ್ ಎಂಬ ಸೇನಾ ಆಡಳಿತಗಾರನ ಸರ್ಕಾರವಿದ್ದ ದೂರದ ಕಾಮಾಕುರಾಗೆ ಹೊರಟ. ಹಿಂದಿನ ವರ್ಷ ಜಪಾನಿನ ಮೇಲೆ ದಂಡೆತ್ತಿ ಬಂದ ಮಂಗೋಲರ ಮೇಲೆ ಮೊದಲು ನುಗ್ಗಿದವನು ತಾನು, ಆದರೂ ಬಹುಮಾನವಿಲ್ಲ ಅನ್ನೋದು ಅವನ ತಕರಾರು. ದಾರಿಖರ್ಚಿಗೆ ಕುದುರೆ, ಜೀನು ಎರಡನ್ನೂ ಮಾರಿದ್ದ. ಅಧಿಕಾರಿಯ ಮುಂದೆ ಹಟ ಹಿಡಿದು, ಜಮೀನಿನ ಉಸ್ತುವಾರಿಯ ಜೊತೆಗೆ ಒಂದು ಕುದುರೆಯನ್ನೂ ಪಡೆದೇ ವಾಪಸಾದ. ಈ ಕತೆಯನ್ನೆಲ್ಲ ಅವನು ಬರೆಸಿದ ಚಿತ್ರಸುರುಳಿ ಇವತ್ತಿಗೂ ಇದೆ.

ನಮ್ಮ ಪಠ್ಯಪುಸ್ತಕದ 'ಊಳಿಗಮಾನ್ಯ' ಪದವನ್ನು ಬಿಡಿಸಿ ನೋಡಿ. ಊಳಿಗ ಮಾಡಿದವನಿಗೆ ಮಾನ್ಯದ ಭೂಮಿ. ಸುಯೆನಾಗ ಕೇಳಿದ್ದೂ ಅದನ್ನೇ ಅಲ್ವಾ?

ಯುರೋಪಿನಲ್ಲೂ ಲೆಕ್ಕ ಇದೇ. ಫ್ರಾಂಕರ ದೊರೆ ಶಾರ್ಲಮೇನನ ಸಾಮ್ರಾಜ್ಯ ಒಡೆದ ಮೇಲೆ, ಜಪಾನಿನಲ್ಲಿ ಕ್ಯೋಟೋದ ಚಕ್ರವರ್ತಿಯ ಅರಮನೆಯ ಹಿಡಿತ ಸಡಿಲವಾದ ಮೇಲೆ, ಎರಡೂ ಕಡೆ ಕತ್ತಿ ಹಿಡಿದವನೇ ಊರಿಗೆ ದಿಕ್ಕಾದ. ಯುರೋಪಿನಲ್ಲಿ ಯೋಧ ಬರಿತಲೆಯಲ್ಲಿ ಮಂಡಿಯೂರಿ, ಜೋಡಿಸಿದ ಕೈಗಳನ್ನು ಒಡೆಯನ ಕೈಗಳ ನಡುವೆ ಇಡುತ್ತಿದ್ದ. ಅದು ಇಬ್ಬರನ್ನೂ ಕಟ್ಟಿಹಾಕುವ ಕರಾರು. ಒಡೆಯ ಮಾತು ತಪ್ಪಿದರೆ ಕೇಳುವ ಹಕ್ಕಿತ್ತು. 1215ರಲ್ಲಿ ಇಂಗ್ಲೆಂಡಿನ ಸರದಾರರು ಜಾನ್ ದೊರೆಯನ್ನು, ದೊರೆಯ ಅಧಿಕಾರಕ್ಕೆ ಮಿತಿ ಹಾಕುವ ಮ್ಯಾಗ್ನಾ ಕಾರ್ಟಾ ಎಂಬ ಸನದಿಗೆ ಒಪ್ಪಿಸಿದ್ದು ಈ ಧೈರ್ಯದಿಂದಲೇ.

ಜಪಾನಿನಲ್ಲಿ ಶೋಗನ್‌ನ ಯೋಧರಿಗೆ 'ಗೋಕೆನಿನ್' ಅಂತ ಹೆಸರು. ಹೆಚ್ಚುಕಡಿಮೆ 'ಮನೆಯಾಳು' ಅಂತ ಅರ್ಥ. ಆಳು ಒಡೆಯನ ಮೇಲೆ ಕರಾರು ಹಾಕುತ್ತಾನೆಯೇ? ಹಾಗಂತ ಸುಮ್ನೆ ತಲೆಬಾಗಿದವರೂ ಅಲ್ಲ, ಸುಯೆನಾಗನೇ ಸಾಕ್ಷಿ. ಒಡೆಯನಿಗಾಗಿ ತುಟಿಬಿಚ್ಚದೆ ಸಾಯುವ ಸಮುರಾಯಿಯ ಚಿತ್ರ ಜಾಸ್ತಿ ಬೆಳೆದದ್ದು ಆಮೇಲೆ, ಯುದ್ಧವೇ ಇಲ್ಲದ ಎಡೋ ಕಾಲದಲ್ಲಿ (1603–1868).

ನನ್ನ ಪ್ರಕಾರ ದಾರಿ ಕವಲೊಡೆದದ್ದು 16ನೇ ಶತಮಾನದ ಕೊನೆಗೆ. ಜಪಾನನ್ನು ಒಂದುಗೂಡಿಸಿದ ದಂಡನಾಯಕ ಟೊಯೊಟೊಮಿ ಹಿದೆಯೋಶಿ ಹೊಲಗಳನ್ನು ಅಳೆಸಿದ. 1588ರಲ್ಲಿ ರೈತರ ಕತ್ತಿಗಳನ್ನು ಕಿತ್ತುಕೊಂಡ. ಬಹುಪಾಲು ಸಮುರಾಯಿಗಳು ಹಳ್ಳಿ ಬಿಟ್ಟು ಕೋಟೆಪೇಟೆ ಸೇರಿದರು. ಜಮೀನಿನ ಬದಲು ಅಕ್ಕಿಯ ಸಂಬಳ ಬಂತು. ಅಳತೆ 'ಕೊಕು': ಸುಮಾರು 150 ಕಿಲೋ, ಒಬ್ಬನ ಒಂದು ವರ್ಷದ ಅನ್ನ. ದೈಮ್ಯೊ, ಅಂದರೆ ಸೀಮೆಯ ಒಡೆಯ ಎನಿಸಿಕೊಳ್ಳಲು ಕನಿಷ್ಠ 10,000 ಕೊಕು ಇಳುವರಿಯ ಸೀಮೆ ಬೇಕಿತ್ತು. ಅವರಿಗೂ ಬಿಡುಗಡೆ ಇರಲಿಲ್ಲ. 1635ರ ನಿಯಮದಂತೆ ಸರದಿಯ ಮೇಲೆ ಶೋಗನ್ ಇರುವ ಎಡೋದಲ್ಲಿ (ಇಂದಿನ ಟೋಕಿಯೋ) ಬಂದು ಇರಬೇಕು, ಹೆಂಡತಿ ಮಕ್ಕಳು ಅಲ್ಲೇ ಒತ್ತೆ.

ಫ್ರಾನ್ಸ್ 1789ರ ಆಗಸ್ಟ್ 4ರ ರಾತ್ರಿ ಒಡೆಯರ ಹಕ್ಕುಗಳನ್ನು ರದ್ದುಮಾಡಿತು. ಆದರೂ ಎಷ್ಟೋ ಒಡೆಯರಿಗೆ ಹೊಲ ಉಳಿಯಿತು. ಸಮುರಾಯಿಗೆ ಉಳಿಯಲು ಏನಿತ್ತು? 1876ರಲ್ಲಿ ಸರ್ಕಾರ ಅವನ ಸಂಬಳ ನಿಲ್ಲಿಸಿ ಬಾಂಡ್ ಪತ್ರ ಕೊಟ್ಟಿತು. ಸೊಂಟದ ಕತ್ತಿಗೂ ಅದೇ ವರ್ಷ ನಿಷೇಧ ಬಂತು.